ಸಿಗರೇಟು ಸೇದುವವನಲ್ಲಿ ಮಕ್ಕಳು ಕಂಡದ್ದೇನು: ಫ್ಲಾರಿಡಾದ ಒಂದು ಪ್ರಕರಣ

ನನ್ನ ಚಿಕ್ಕ ಸೋದರಮಾವ ಗಾಳಿಗೆ ಬೆನ್ನು ಕೊಟ್ಟು ಬೆಂಕಿಕಡ್ಡಿ ಗೀರುತ್ತಿದ್ದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡೂ ಅಂಗೈ ಗುಂಡಗೆ ಮಾಡಿ, ಅದರೊಳಗೆ ಬೆಂಕಿ ಬಚ್ಚಿಟ್ಟು, ತಲೆ ಸ್ವಲ್ಪ ಓರೆ ಮಾಡಿ ಸಿಗರೇಟು ಹಚ್ಚುತ್ತಿದ್ದ. ಆಗ ನನಗೆ 13 ವರ್ಷ. ನಮ್ಮ ಮನೆಯಲ್ಲಿ ಅಜ್ಜನ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಅಜ್ಜನಿಗೆ ಹೆದರದೆ ಹಿತ್ತಲಲ್ಲಿ ನಿಂತು ಸೇದುತ್ತಿದ್ದವನು ಮಾವ ಒಬ್ಬನೇ. ರಾತ್ರಿ ಅವನು ಕೆಮ್ಮುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಆ ಕೆಮ್ಮಿಗೂ ಈ ಬೆಂಕಿಕಡ್ಡಿಗೂ ಸಂಬಂಧ ಇದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಅನ್ನಿಸಿರಲಿಲ್ಲ. ನನ್ನ ಕಣ್ಣು ಇದ್ದದ್ದು ಆ ಕೈಗಳ ಮೇಲೆ.

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ 1998ರಲ್ಲಿ ನಡೆದ ಒಂದು ಕೆಲಸದ ಬಗ್ಗೆ ಓದುವಾಗೆಲ್ಲ ನನಗೆ ಆ ಕೈಗಳು ನೆನಪಾಗುತ್ತವೆ. ಹದಿಹರೆಯದ ಮಕ್ಕಳು ಸಿಗರೇಟು ಸೇದುವವರನ್ನು ಹೇಗೆ ನೋಡುತ್ತಾರೆ ಅನ್ನುವುದನ್ನು ಮೊದಲು ಕೇಳಿ ತಿಳಿದು, ಆಮೇಲೆ ಆ ನೋಟವನ್ನೇ ಬದಲಿಸಲು ಒಂದು ಸರ್ಕಾರ ಗಟ್ಟಿಯಾಗಿ ಕೈ ಹಾಕಿದ ಪ್ರಕರಣ ಇದು.

ಹಣ ಬಂದ ದಾರಿ

ಫ್ಲಾರಿಡಾ ಸರ್ಕಾರ 1995ರಲ್ಲಿ ತಂಬಾಕು ಕಂಪನಿಗಳ ಮೇಲೆ ಕೇಸು ಹಾಕಿತು. ಸಿಗರೇಟಿನಿಂದ ಕಾಯಿಲೆ ಬಿದ್ದ ಬಡವರ ಚಿಕಿತ್ಸೆಗೆ ಸರ್ಕಾರ ಖರ್ಚು ಮಾಡಿದ ದುಡ್ಡನ್ನು ಕಂಪನಿಗಳೇ ಕೊಡಬೇಕು ಅನ್ನುವುದು ವಾದ. ಆಗ ರಾಜ್ಯಪಾಲರಾಗಿದ್ದವರು ಲಾಟನ್ ಚೈಲ್ಸ್. ಅಲ್ಲಿನ ರಾಜ್ಯಪಾಲರು ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಜನರೇ ಓಟು ಹಾಕಿ ಆರಿಸುತ್ತಾರೆ. 1997ರ ಆಗಸ್ಟ್‌ನಲ್ಲಿ ಕಂಪನಿಗಳು ರಾಜಿಗೆ ಬಂದವು. 25 ವರ್ಷಗಳಲ್ಲಿ 1,130 ಕೋಟಿ ಡಾಲರ್ ಕೊಡುವುದಾಗಿ ಒಪ್ಪಿದವು. ಅದರಲ್ಲಿ 20 ಕೋಟಿ ಡಾಲರನ್ನು ಮಕ್ಕಳು ಸಿಗರೇಟು ಹಿಡಿಯದ ಹಾಗೆ ಮಾಡುವ ಎರಡು ವರ್ಷದ ಪ್ರಯೋಗಕ್ಕೆ ಎತ್ತಿಟ್ಟರು. ರಸ್ತೆ ಬದಿಯ ದೊಡ್ಡ ಸಿಗರೇಟು ಬೋರ್ಡುಗಳೂ ಇಳಿದವು.

ದುಡ್ಡು ಸಿಕ್ಕಿತು. ಅದರಲ್ಲಿ ಮಕ್ಕಳಿಗೆ ಏನು ಹೇಳುವುದು? ಈ ಪ್ರಶ್ನೆಗೆ ಸುಲಭದ ಉತ್ತರ ಎಲ್ಲರ ಬಾಯಲ್ಲೂ ಇರುತ್ತದೆ. ಕಪ್ಪಾದ ಶ್ವಾಸಕೋಶ ತೋರಿಸಿ, ಕ್ಯಾನ್ಸರ್ ಅಂತ ಹೇಳಿ, ಹೆದರಿಸಿ. ಫ್ಲಾರಿಡಾದವರು ಹಾಗೆ ಮಾಡಲಿಲ್ಲ. ಮಯಾಮಿಯ ಕ್ರಿಸ್ಪಿನ್ ಪೋರ್ಟರ್ ಆ್ಯಂಡ್ ಬೊಗಸ್ಕಿ ಅನ್ನುವ ಜಾಹೀರಾತು ಕಂಪನಿಗೆ ಕೆಲಸ ಕೊಟ್ಟರು. ಅದರ ಜನ ಮೊದಲು ಮಕ್ಕಳ ಜೊತೆ ಕೂತು ಮಾತಾಡಿದರು.

ಮಕ್ಕಳ ಬಾಯಿಂದ ಬಂದದ್ದು

ಮೊದಲು ಗೊತ್ತಾದದ್ದು, ಮಕ್ಕಳಿಗೆ ಎಲ್ಲ ಗೊತ್ತು ಅನ್ನುವುದು. ಸಿಗರೇಟು ಕೊಲ್ಲುತ್ತದೆ ಅನ್ನುವುದು ಹೆಚ್ಚುಕಮ್ಮಿ ಪ್ರತಿಯೊಂದು ಮಗುವಿಗೂ ಗೊತ್ತಿತ್ತು. ಸೇದುವ ಮಕ್ಕಳಿಗೂ ಗೊತ್ತಿತ್ತು. ಚಿಕ್ಕಂದಿನಿಂದ ಕೇಳಿ ಕೇಳಿ ಆ ಮಾತು ಅವರ ಕಿವಿಗೆ ಹಳತಾಗಿತ್ತು.

ಎರಡನೆಯದು ಕೇಳಿದಾಗ ನನಗೆ ಎದೆ ಝಲ್ಲೆಂದಿತ್ತು. ಸಿಗರೇಟು ಅಪಾಯ ಅನ್ನುವುದೇ ಅದರ ಸೆಳೆತದ ಒಂದು ಭಾಗ. ಸಾಯುವ ಅಪಾಯ ಇದೆ ಅಂತ ಗೊತ್ತಿದ್ದೂ ಬಾಯಿಗಿಡುವವನು ಯಾರಿಗೂ ಹೆದರದವನು. ಅಪ್ಪ ಅಮ್ಮ ಬೇಡ ಅಂದರು, ಮೇಷ್ಟ್ರು ಬೇಡ ಅಂದರು, ಡಾಕ್ಟರ್ ಬೇಡ ಅಂದರು. ಅವನು ಸೇದುತ್ತಾನೆ. ಅಂದರೆ ಅವನ ಬದುಕು ಅವನ ಕೈಯಲ್ಲೇ ಇದೆ. ಹದಿನಾಲ್ಕು ವರ್ಷದ ಹುಡುಗನಿಗೋ ಹುಡುಗಿಗೋ ಕೈಯಲ್ಲಿ ಇನ್ನೇನಿದೆ ಹೇಳಿ? ಎಷ್ಟು ಹೊತ್ತಿಗೆ ಏಳಬೇಕು, ಏನು ಓದಬೇಕು, ಎಲ್ಲಿಗೆ ಹೋಗಬಾರದು, ಎಲ್ಲವೂ ಬೇರೆಯವರ ತೀರ್ಮಾನ. ಅಂಥ ವಯಸ್ಸಿನಲ್ಲಿ ಸಿಗರೇಟು ಒಂದು ಬಾವುಟ ಆಗುತ್ತದೆ. ನಾನು ಯಾರ ಮಾತಿಗೂ ಬಗ್ಗುವವನಲ್ಲ ಅಂತ ಬಾಯಿ ಬಿಡದೆ ಹೇಳುವ ಬಾವುಟ.

ಕಂಪನಿಗಳಿಗೆ ಇದು ಎಷ್ಟೋ ವರ್ಷಗಳಿಂದ ಗೊತ್ತಿತ್ತು. 1950ರ ದಶಕದಿಂದ ಮಾರ್ಲ್‌ಬೊರೊ ಜಾಹೀರಾತಿನಲ್ಲಿ ಬಂದ ಕುದುರೆ ಸವಾರನನ್ನು ನೆನಪಿಸಿಕೊಳ್ಳಿ. ಬಯಲಿನಲ್ಲಿ ಒಬ್ಬನೇ. ತಲೆಯ ಮೇಲೆ ಟೋಪಿ, ಮುಂದೆ ಗುಡ್ಡ. ಅವನಿಗೆ ಯಜಮಾನ ಇಲ್ಲ, ಬೈಯುವವರಿಲ್ಲ, ಕೆಮ್ಮೂ ಇಲ್ಲ. ಕೋರ್ಟು ಕೇಸುಗಳಿಂದ ಹೊರಬಂದ ಕಂಪನಿಯ ಒಳಗಿನ ಕಾಗದಗಳಲ್ಲಿ, ಮಾರ್ಲ್‌ಬೊರೊ ಮಾಡುವ ಫಿಲಿಪ್ ಮಾರಿಸ್‌ನ 1981ರ ಒಂದು ವರದಿ ಇದೆ. ಇವತ್ತಿನ ಹದಿಹರೆಯದವರೇ ನಾಳೆಯ ಕಾಯಂ ಗಿರಾಕಿಗಳು ಅನ್ನುವ ಅರ್ಥದ ಮಾತು ಅದರಲ್ಲಿದೆ. ಮಕ್ಕಳ ಮನಸ್ಸಿನಲ್ಲಿದ್ದ ಆ ಧೀರನ ಚಿತ್ರ ತಾನಾಗಿ ಹುಟ್ಟಿದ್ದಲ್ಲ. ಸಂಬಳ ಕೊಟ್ಟು ಬರೆಸಿದ್ದು.

ಮೂರನೆಯದು, ಮಕ್ಕಳಿಗೆ ಉಪದೇಶ ಬೇಕಿರಲಿಲ್ಲ. ಸೇದಬೇಡ ಅಂತ ಯಾರಾದರೂ ಹೇಳಿದ ತಕ್ಷಣ ಅದು ಆ ಬಾವುಟಕ್ಕೆ ಇನ್ನಷ್ಟು ಗಾಳಿ ಕೊಟ್ಟ ಹಾಗೆ. ನಿಜ ಏನು ಅಂತ ಹೇಳಿ, ತೀರ್ಮಾನ ನಮಗೆ ಬಿಡಿ ಅನ್ನುವುದು ಅವರ ಮಾತಿನ ಸಾರ.

ಇಲ್ಲಿ ಒಂದು ಮಾತು ಸೇರಿಸಬೇಕು. ಎಲ್ಲ ಮಕ್ಕಳೂ ಸೇದುವವರನ್ನು ಮೆಚ್ಚಿಕೊಳ್ಳುತ್ತಿದ್ದರು ಅಂತ ತಿಳಿಯಬೇಡಿ. ಅಮೆರಿಕದ ಶಾಲೆಗಳಲ್ಲಿ ಆಗ ನಡೆಸುತ್ತಿದ್ದ ತಂಬಾಕು ಸಮೀಕ್ಷೆಯಲ್ಲಿ ಎರಡು ಪ್ರಶ್ನೆ ಇರುತ್ತಿದ್ದವು. ಸೇದುವ ಹುಡುಗ ಹುಡುಗಿಯರಿಗೆ ಸ್ನೇಹಿತರು ಜಾಸ್ತಿಯಾ? ಸೇದಿದರೆ ಸ್ಟೈಲಾಗಿ ಕಾಣುತ್ತಾರಾ? ಹೌದು ಅನ್ನುವುದು ಸೇದುವ ಮಕ್ಕಳಲ್ಲೇ ಹೆಚ್ಚು. ಸೇದದ ಮಕ್ಕಳಲ್ಲಿ ಬಹಳ ಮಂದಿಗೆ ಅದು ವಾಸನೆ, ಹಳದಿ ಹಲ್ಲು, ಅಷ್ಟೇ. ಅಪಾಯ ಇರುವುದು ಈ ಎರಡರ ನಡುವೆ ನಿಂತವರಿಗೆ. ಇನ್ನೂ ಸೇದಿಲ್ಲ, ಆದರೆ ಸೇದುವವನನ್ನು ಕಂಡರೆ ಒಂದು ಗಳಿಗೆ ಜಾಸ್ತಿ ನೋಡುತ್ತಾರೆ. ಜೊತೆಗೆ ಒಂದು ತಪ್ಪು ಲೆಕ್ಕವೂ ಸೇರಿಕೊಳ್ಳುತ್ತದೆ. ತಮ್ಮ ವಯಸ್ಸಿನವರಲ್ಲಿ ಎಷ್ಟು ಮಂದಿ ಸೇದುತ್ತಾರೆ ಅಂತ ಕೇಳಿದರೆ ಮಕ್ಕಳು ನಿಜಕ್ಕಿಂತ ಜಾಸ್ತಿಯೇ ಹೇಳುತ್ತಾರೆ. ಸೇದುವ ನಾಲ್ವರು ಕಣ್ಣಿಗೆ ಬೀಳುತ್ತಾರೆ. ಸುಮ್ನೆ ಮನೆಗೆ ಹೋಗುವ ಇಪ್ಪತ್ತು ಮಂದಿ ಲೆಕ್ಕಕ್ಕೇ ಬರುವುದಿಲ್ಲ.

ಬಾವುಟ ಕೈ ಬದಲಾಯಿಸಿತು

1998ರ ಮಾರ್ಚ್‌ನಲ್ಲಿ ರಾಜ್ಯದ ಎಲ್ಲ ಕಡೆಯಿಂದ ನೂರಾರು ಮಕ್ಕಳನ್ನು ಕರೆಸಿ ಒಂದು ಸಮಾವೇಶ ಮಾಡಿದರು. ಪ್ರಚಾರ ಹೇಗಿರಬೇಕು ಅನ್ನುವುದರಲ್ಲಿ ಆ ಮಕ್ಕಳ ಮಾತಿಗೆ ಬೆಲೆ ಇತ್ತು. ಅಲ್ಲಿಂದಲೇ ಮಕ್ಕಳದೇ ಒಂದು ಸಂಘಟನೆ ಎದ್ದಿತು. ಹೆಸರು ಸ್ವಾಟ್, ಅಂದರೆ ತಂಬಾಕಿನ ವಿರುದ್ಧ ಕೆಲಸ ಮಾಡುವ ವಿದ್ಯಾರ್ಥಿಗಳು. ಫ್ಲಾರಿಡಾದ 67 ಕೌಂಟಿಗಳಿಗೂ, ಅಂದರೆ ನಮ್ಮ ಜಿಲ್ಲೆಗಳ ಹಾಗಿನ ಎಲ್ಲ ಭಾಗಗಳಿಗೂ, ಅದು ಹರಡಿತು. ಏಪ್ರಿಲ್‌ನಲ್ಲಿ ಟಿವಿ ಜಾಹೀರಾತುಗಳು ಶುರುವಾದವು. ಪ್ರಚಾರಕ್ಕೆ ಇಟ್ಟ ಹೆಸರು ಒಂದೇ ಪದ: ಟ್ರೂತ್. ನಿಜ.

ಆ ಜಾಹೀರಾತುಗಳಲ್ಲಿ ಸೇದಬೇಡಿ ಅನ್ನುವ ಮಾತಿರಲಿಲ್ಲ. ಮಕ್ಕಳು ತಂಬಾಕು ಕಂಪನಿಗೋ ಜಾಹೀರಾತು ಕಂಪನಿಗೋ ಫೋನ್ ಮಾಡಿ ನೇರ ಪ್ರಶ್ನೆ ಕೇಳುತ್ತಾರೆ. ಆ ಕಡೆಯವರು ತಡವರಿಸುತ್ತಾರೆ, ಫೋನ್ ಇಡುತ್ತಾರೆ. ಇನ್ನೊಂದರಲ್ಲಿ ನರಕದಲ್ಲಿ ಪ್ರಶಸ್ತಿ ಸಮಾರಂಭ ನಡೆಯುತ್ತದೆ. ವರ್ಷಕ್ಕೆ ಅತಿ ಹೆಚ್ಚು ಜನರನ್ನು ಕೊಂದದ್ದಕ್ಕೆ ಬಹುಮಾನ ತಂಬಾಕು ಕಂಪನಿಯ ಅಧಿಕಾರಿಗೆ ಹೋಗುತ್ತದೆ. ಟಿವಿಯಾಚೆಗೂ ಮಕ್ಕಳ ಕೆಲಸ ಇತ್ತು. ಪತ್ರಿಕೆಗಳಲ್ಲಿ ಬಂದ ಸಿಗರೇಟು ಜಾಹೀರಾತಿನ ಹಾಳೆ ಹರಿದು ಕಂಪನಿಗೇ ವಾಪಸ್ ಕಳಿಸಿದರು. ಆ ಬೇಸಿಗೆಯಲ್ಲಿ ರೈಲು ಹತ್ತಿ ಊರೂರಿಗೆ ಹೋದರು.

ಇದರ ಒಳಗಿನ ಜಾಣತನ ನೋಡಿ. ಯಾರ ಮಾತಿಗೂ ಬಗ್ಗಬಾರದು ಅನ್ನುವ ಮಕ್ಕಳ ಆಸೆಯನ್ನು ಯಾರೂ ತಿದ್ದಲಿಲ್ಲ. ಅದು ತಪ್ಪು ಅನ್ನಲಿಲ್ಲ. ನಿನ್ನನ್ನು ಬಗ್ಗಿಸುತ್ತಿರುವುದು ಯಾರು ಅಂತ ಮಾತ್ರ ತೋರಿಸಿದರು. ನಿನ್ನ ವಯಸ್ಸು, ನಿನ್ನ ಸಿಟ್ಟು, ನಿನ್ನ ಒಂಟಿತನ ಎಲ್ಲವನ್ನೂ ಲೆಕ್ಕ ಹಾಕಿ ನಿನ್ನ ಜೇಬಿಗೆ ಕೈ ಹಾಕುತ್ತಿರುವವರು ಇವರು ಅಂದರು. ಅಷ್ಟಾದ ಮೇಲೆ ಬೇರೆ ಹೇಳುವುದೇನಿದೆ? ಸಿಗರೇಟು ಹಿಡಿದ ಕೈಯಲ್ಲಿದ್ದ ಬಾವುಟ, ಅದನ್ನು ಬೇಡ ಅಂದವನ ಕೈಗೆ ಬಂತು.

ಸೇದುವ ಮನುಷ್ಯನನ್ನು ಮಾತ್ರ ಮುಟ್ಟಲಿಲ್ಲ

ಈ ಪ್ರಕರಣದಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರದ ಭಾಗ ಇದು. ಟ್ರೂತ್ ಬೈದದ್ದು ಕಂಪನಿಯನ್ನು. ಸೇದುವವರನ್ನು ದಡ್ಡರು, ಗಲೀಜು ಜನ, ಕೆಟ್ಟವರು ಅಂತ ತೋರಿಸಲಿಲ್ಲ.

ಇದು ಸಣ್ಣ ವಿಷಯ ಅಲ್ಲ. ಕ್ಲಾಸಿನಲ್ಲಿ ನಲವತ್ತು ಮಕ್ಕಳು ಕೂತಿದ್ದಾರೆ ಅನ್ನಿ. ಕೆಲವರ ಅಪ್ಪ ಸೇದುತ್ತಾರೆ. ಒಬ್ಬಳ ಅಜ್ಜ ಬೀಡಿ ಸೇದುತ್ತಾ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳಿದ್ದಾರೆ. ಅವಳ ಮುಂದೆ ನಿಂತು, ಸೇದುವವರು ಬುದ್ಧಿ ಇಲ್ಲದವರು ಅಂದುಬಿಟ್ಟರೆ ಏನಾಗುತ್ತದೆ? ಆ ಮಗು ಅಜ್ಜನ ಪಕ್ಷ ಹಿಡಿಯುತ್ತದೆ. ಹಿಡಿಯಬೇಕು ಕೂಡ. ಆಮೇಲೆ ನಾವು ಹೇಳುವ ಒಂದು ಮಾತೂ ಅದರ ಕಿವಿಗೆ ಹೋಗುವುದಿಲ್ಲ. ನನ್ನ ಮಾವನನ್ನು ಯಾರಾದರೂ ಹಾಗೆ ಬೈದಿದ್ದರೆ ನಾನು ಹಿತ್ತಲಿಗೆ ಹೋಗಿ ಅವನ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಬಹುಶಃ ಒಂದು ದಮ್ಮು ಎಳೆದೂ ನೋಡುತ್ತಿದ್ದೆ.

ಅದರ ಬದಲು ಯಾರಾದರೂ ನನ್ನನ್ನು ಕೂರಿಸಿಕೊಂಡು, ನಿನ್ನ ಮಾವ ಧೈರ್ಯವಂತ, ಆದರೆ ಈ ಪ್ಯಾಕು ಅವನನ್ನು ಬಿಡುತ್ತಿಲ್ಲ, ಬಿಡದ ಹಾಗೆಯೇ ಅದನ್ನು ಮಾಡಿದ್ದಾರೆ ಅಂದಿದ್ದರೆ? ಮಾವನ ಮೇಲಿನ ಪ್ರೀತಿ ಹಾಗೇ ಇರುತ್ತಿತ್ತು. ಆ ಕೈಗಳನ್ನು ನೋಡುವ ರೀತಿ ಮಾತ್ರ ಬದಲಾಗುತ್ತಿತ್ತು. ಮೂರು ಸಲ ಬಿಡಲು ನೋಡಿ ಮೂರು ಸಲವೂ ಸೋತಿದ್ದನಂತೆ. ಅತ್ತೆ ಇದನ್ನು ಹೇಳಿದ್ದು ಎಷ್ಟೋ ವರ್ಷ ಆದಮೇಲೆ. ನಾನು ಸ್ವತಂತ್ರ ಅಂದುಕೊಂಡಿದ್ದ ಮನುಷ್ಯನಿಗೆ ಸ್ವಾತಂತ್ರ್ಯ ಇರಲಿಲ್ಲ.

ಲೆಕ್ಕ ಏನು ಹೇಳಿತು

ಫ್ಲಾರಿಡಾದ ಸರ್ಕಾರಿ ಶಾಲೆಗಳಲ್ಲಿ ಪ್ರಚಾರಕ್ಕೆ ಮೊದಲೇ, 1998ರ ಶುರುವಿನಲ್ಲಿ, ಒಂದು ಸಮೀಕ್ಷೆ ಮಾಡಿಟ್ಟಿದ್ದರು. ಮುಂದಿನ ಎರಡು ವರ್ಷವೂ ಮಾಡಿದರು. ಪ್ರತಿ ಸಲ 20 ಸಾವಿರಕ್ಕಿಂತ ಜಾಸ್ತಿ ಮಕ್ಕಳು ಉತ್ತರ ಬರೆದರು. ಕಳೆದ 30 ದಿನಗಳಲ್ಲಿ ಸಿಗರೇಟು ಸೇದಿದ್ದೀಯಾ ಅನ್ನುವುದು ಮುಖ್ಯ ಪ್ರಶ್ನೆ. 6ರಿಂದ 8ನೇ ತರಗತಿಯವರಲ್ಲಿ 1998ರಲ್ಲಿ ಹೌದು ಅಂದವರು ಶೇಕಡಾ 18.5. 2000ರಲ್ಲಿ ಶೇಕಡಾ 11.1. 9ರಿಂದ 12ನೇ ತರಗತಿಯವರಲ್ಲಿ 27.4 ಇದ್ದದ್ದು 22.6ಕ್ಕೆ ಇಳಿಯಿತು. ಚಿಕ್ಕ ಮಕ್ಕಳಲ್ಲಿ ಇಳಿತ ಜಾಸ್ತಿ. ಅದು ಸಹಜ ಅನ್ನಿಸುತ್ತದೆ. ನಿಕೋಟಿನ್ ಹಿಡಿತ ಬಿದ್ದಮೇಲೆ ನೋಟ ಬದಲಾದರೂ ಕೈ ಬಿಡುವುದಿಲ್ಲ.

ಇದೆಲ್ಲ ಜಾಹೀರಾತಿನದೇ ಮಹಿಮೆ ಅನ್ನುವುದು ಸರಿಯಾಗದು. 1998ರ ನವೆಂಬರ್‌ನಲ್ಲಿ ಕಂಪನಿಗಳು ಪ್ಯಾಕಿಗೆ 45 ಸೆಂಟ್ ಬೆಲೆ ಏರಿಸಿದವು. ಜೇಬಿನಲ್ಲಿ ಚಿಲ್ಲರೆ ಮಾತ್ರ ಇರುವ ಮಕ್ಕಳಿಗೆ ಅದು ದೊಡ್ಡ ಏಟು. ಮಕ್ಕಳ ಬಳಿ ಸಿಗರೇಟು ಸಿಕ್ಕರೆ ದಂಡ ಹಾಕುವ ಕಾನೂನೂ ಫ್ಲಾರಿಡಾದಲ್ಲಿ ಆಗ ಹೊಸದಾಗಿ ಬಂದಿತ್ತು. ಹಾಗಿದ್ದರೂ ಪ್ರಚಾರದ ಪಾಲು ದೊಡ್ಡದೇ ಇತ್ತು. ವರ್ಷ ತುಂಬುವ ಹೊತ್ತಿಗೆ ಫ್ಲಾರಿಡಾದ ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿಗೆ ಟ್ರೂತ್ ಗೊತ್ತಿತ್ತು. ಕಂಪನಿಗಳು ನಮ್ಮನ್ನು ಬಳಸಿಕೊಳ್ಳುತ್ತಿವೆ ಅನ್ನುವ ಭಾವನೆ ದೇಶದ ಬೇರೆ ಮಕ್ಕಳಿಗಿಂತ ಇಲ್ಲಿನ ಮಕ್ಕಳಲ್ಲಿ ಗಟ್ಟಿಯಾಗಿತ್ತು.

ಹೋಲಿಕೆಗೆ ಕಂಪನಿಗಳೇ ಒಂದು ಅವಕಾಶ ಮಾಡಿಕೊಟ್ಟವು. ಫಿಲಿಪ್ ಮಾರಿಸ್ ಕೂಡ 1998ರಲ್ಲೇ ಮಕ್ಕಳಿಗಾಗಿ ಒಂದು ಪ್ರಚಾರ ಶುರು ಮಾಡಿತ್ತು. ಯೋಚಿಸಿ, ಸೇದಬೇಡಿ ಅನ್ನುವುದು ಅದರ ಹೆಸರು. ನಮ್ಮ ಮನೆ, ಶಾಲೆಗಳಲ್ಲಿ ಹೇಳುವ ಮಾತೇ ಅಲ್ವಾ? ಇಷ್ಟರಲ್ಲಿ ಟ್ರೂತ್ ದೇಶಕ್ಕೆಲ್ಲ ಹರಡಿತ್ತು. 46 ರಾಜ್ಯಗಳು ಕಂಪನಿಗಳ ಜೊತೆ 1998ರಲ್ಲಿ ಮಾಡಿಕೊಂಡ ದೊಡ್ಡ ಒಪ್ಪಂದದ ಹಣದಿಂದ ಒಂದು ಸಂಸ್ಥೆ ಹುಟ್ಟಿತ್ತು. ಅದು 2000ದ ಫೆಬ್ರವರಿಯಿಂದ ಈ ಪ್ರಚಾರವನ್ನು ಎತ್ತಿಕೊಂಡಿತು. ನ್ಯೂಯಾರ್ಕ್‌ನಲ್ಲಿ ಫಿಲಿಪ್ ಮಾರಿಸ್ ಕಚೇರಿಯ ಮುಂದೆ ಮಕ್ಕಳು ಹೆಣ ಸಾಗಿಸುವ 1,200 ಚೀಲಗಳನ್ನು ರಾಶಿ ಹಾಕಿದ ಜಾಹೀರಾತು ಬಂದದ್ದು ಆಗ. ಅಮೆರಿಕದಲ್ಲಿ ತಂಬಾಕಿನಿಂದ ದಿನಕ್ಕೆ ಸಾಯುತ್ತಿದ್ದವರ ಲೆಕ್ಕ ಅದು.

12ರಿಂದ 17 ವರ್ಷದವರನ್ನು ಕೇಳಿ ಎರಡೂ ಪ್ರಚಾರಗಳನ್ನು ತೂಗಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಟ್ರೂತ್ ನೋಡಿದ ಮಕ್ಕಳಲ್ಲಿ ತಂಬಾಕಿನ ವಿರುದ್ಧದ ಭಾವನೆ ಹೆಚ್ಚಿತ್ತು. ಸೇದಬೇಡಿ ಅನ್ನುವ ಕಂಪನಿ ಜಾಹೀರಾತು ನೋಡಿದ ಮಕ್ಕಳಲ್ಲಿ ಕಂಪನಿಗಳ ಬಗ್ಗೆ ಒಳ್ಳೆ ಭಾವನೆ ಬೆಳೆದಿತ್ತು, ಮುಂದೆ ಸೇದಬಹುದು ಅನ್ನುವವರೂ ಅವರಲ್ಲಿ ಹೆಚ್ಚಿದ್ದರು. ಈ ಸಾಲು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಒಳ್ಳೆಯ ಮನಸ್ಸಿನಿಂದ ನಾವೆಲ್ಲ ಹೇಳುವ ಅದೇ ಎರಡು ಪದ.

ನಮ್ಮ ಕಡೆಯ ಚಿತ್ರ ಬೇರೆ. 2019ರಲ್ಲಿ 13ರಿಂದ 15 ವರ್ಷದ ಶಾಲಾ ಮಕ್ಕಳ ಸಮೀಕ್ಷೆ ಭಾರತದಲ್ಲೂ ಆಯಿತು. ಯಾವುದಾದರೂ ರೂಪದಲ್ಲಿ ತಂಬಾಕು ಬಳಸುವವರು ದೇಶದಲ್ಲಿ ಶೇಕಡಾ 8.5, ಕರ್ನಾಟಕದಲ್ಲಿ ಶೇಕಡಾ 1.2. ಸಮಾಧಾನದ ಸಂಖ್ಯೆಯೇ. ಈಗ ಕರ್ನಾಟಕದಲ್ಲಿ 21 ವರ್ಷ ಆಗದವರಿಗೆ ಸಿಗರೇಟು ಮಾರುವ ಹಾಗೂ ಇಲ್ಲ. ಆದರೆ 15ಕ್ಕೆ ಸೇದದ ಮಗು ಕಾಲೇಜು ಮೆಟ್ಟಿಲು ಹತ್ತಿದಾಗ ಸೀನಿಯರ್ ಒಬ್ಬನ ಕೈಯನ್ನು ಹೇಗೆ ನೋಡುತ್ತದೆ ಅನ್ನುವುದು ಆ 1.2ರಲ್ಲಿ ಕಾಣುವುದಿಲ್ಲ. ಧೂಮಪಾನ ಹಾನಿಕರ ಅನ್ನುವ ಸಾಲನ್ನು ಸಿನಿಮಾ ತೆರೆಯ ಮೂಲೆಯಲ್ಲಿ ನೂರು ಸಲ ಓದಿದ ಮಕ್ಕಳು ನಮ್ಮವರು. ಸಾಲು ಮೂಲೆಯಲ್ಲಿರುತ್ತದೆ. ತೆರೆಯ ತುಂಬ ಹೀರೋ ಇರುತ್ತಾನೆ.

ದುಡ್ಡು ನಿಂತ ಮೇಲೆ

ಫ್ಲಾರಿಡಾದಲ್ಲಿ ಚೈಲ್ಸ್ 1998ರ ಡಿಸೆಂಬರ್‌ನಲ್ಲಿ, ಅವಧಿ ಮುಗಿಯಲು ಕೆಲವೇ ವಾರ ಇರುವಾಗ, ತೀರಿಕೊಂಡರು. ಮಾರನೇ ವರ್ಷ ಶಾಸನಸಭೆ ಈ ಕಾರ್ಯಕ್ರಮದ ಕುತ್ತಿಗೆಗೇ ಕೈ ಹಾಕಿತು. ಮೊದಲ ವರ್ಷ ಸುಮಾರು 7 ಕೋಟಿ ಡಾಲರ್ ಇದ್ದದ್ದು 4.5 ಕೋಟಿಯ ಆಸುಪಾಸಿಗೆ ಇಳಿಯಿತು. ಫಲ ಕಣ್ಣ ಮುಂದೆ ಇರುವಾಗಲೇ ಹೀಗೆ ಮಾಡಿದ್ದು ನನಗೆ ಇವತ್ತಿಗೂ ಅರಗುವುದಿಲ್ಲ. 2003ರ ಹೊತ್ತಿಗೆ ಉಳಿದದ್ದು 10 ಲಕ್ಷ ಡಾಲರ್. ಅಂದರೆ ಹೆಚ್ಚುಕಮ್ಮಿ ಬಾಗಿಲು ಮುಚ್ಚಿದ ಹಾಗೆ.

ಬಾಗಿಲು ಮುಚ್ಚಿದರೆ ಮಕ್ಕಳ ಮನಸ್ಸಿನಲ್ಲಿ ಏನಾಗುತ್ತದೆ ಅನ್ನುವುದು ಇನ್ನೊಂದು ರಾಜ್ಯದಲ್ಲಿ ಚೆನ್ನಾಗಿ ಕಂಡಿತು. ಮಿನ್ನೆಸೋಟದಲ್ಲೂ ಕಂಪನಿಗಳ ಬಣ್ಣ ಬಯಲು ಮಾಡುವ ಇಂಥದೇ ಪ್ರಚಾರ ನಡೆದಿತ್ತು. 2003ರ ಜುಲೈನಲ್ಲಿ ಅದನ್ನು ನಿಲ್ಲಿಸಿದರು. ಮುಂದೆ ಸೇದುವುದೇ ಇಲ್ಲ ಅಂತ ಖಚಿತವಾಗಿ ಹೇಳಲಾರದ 12ರಿಂದ 17 ವರ್ಷದವರು ಆ ಹೊತ್ತಿಗೆ ಶೇಕಡಾ 43.3 ಇದ್ದರು. ಆರೇ ತಿಂಗಳಲ್ಲಿ ಅದು 52.9ಕ್ಕೆ ಏರಿತು. ಸಿಗರೇಟು ಕೊಲ್ಲುತ್ತದೆ ಅನ್ನುವುದು ಆ ಆರು ತಿಂಗಳಲ್ಲಿ ಯಾರಿಗೂ ಮರೆತಿರಲಿಲ್ಲ. ಹಳೆಯ ಕುದುರೆ ಸವಾರ ಮತ್ತೆ ಬಂದು ನಿಂತಿದ್ದ.

ಕಂಪನಿಗಳೂ ಸುಮ್ಮನೆ ಕೂರಲಿಲ್ಲ. ಸಿಗರೇಟಿಗೆ ಯೂರಿಯಾ ಸೇರಿಸುತ್ತಾರೆ ಅನ್ನುವುದನ್ನು ನಾಯಿಯ ಉಚ್ಚೆಗೆ ಹೋಲಿಸಿದ ಟ್ರೂತ್‌ನ ಒಂದು ರೇಡಿಯೋ ಜಾಹೀರಾತಿನಿಂದ ಸಿಟ್ಟಿಗೆದ್ದ ಲೊರಿಲ್ಲಾರ್ಡ್ ಕಂಪನಿ ಕೋರ್ಟಿಗೆ ಹೋಯಿತು. 1998ರ ಒಪ್ಪಂದದಲ್ಲಿ ಯಾರನ್ನೂ ನಿಂದಿಸಬಾರದು ಅನ್ನುವ ಷರತ್ತು ಇತ್ತು, ಅದು ಮುರಿದಿದೆ ಅಂತ ವಾದಿಸಿತು. ಡೆಲವೇರ್ ರಾಜ್ಯದ ಸುಪ್ರೀಂ ಕೋರ್ಟ್ 2006ರ ಜುಲೈನಲ್ಲಿ ಆ ವಾದವನ್ನು ತಳ್ಳಿಹಾಕಿತು.

ಅದೇ ವರ್ಷ ನವೆಂಬರ್‌ನಲ್ಲಿ ಫ್ಲಾರಿಡಾದಲ್ಲಿ ಮತದಾನ ನಡೆಯಿತು. ತಂಬಾಕು ಕಂಪನಿಗಳಿಂದ ಬರುವ ಹಣದ ಒಂದು ಪಾಲನ್ನು ಪ್ರತಿ ವರ್ಷ ತಂಬಾಕು ತಡೆಗೇ ಖರ್ಚು ಮಾಡಬೇಕು, ಶಾಸನಸಭೆ ಅದಕ್ಕೆ ಕೈ ಹಾಕಬಾರದು ಅಂತ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತರುವ ಪ್ರಶ್ನೆ ಮತಪತ್ರದಲ್ಲಿತ್ತು. ಶೇಕಡಾ 61 ಮಂದಿ ಹೌದು ಅಂದರು. 1998ರಲ್ಲಿ ರೈಲು ಹತ್ತಿದ 14 ವರ್ಷದ ಮಕ್ಕಳಿಗೆ ಆಗ 22 ತುಂಬಿತ್ತು. ಅವರ ಕೈಯಲ್ಲೂ ಓಟು ಇತ್ತು.